ಮಂಗಳದ ಜ್ವಾಲಾಮುಖಿಗೆ ಒಂದೇ ಒಂದು ಪ್ರಶ್ನೆ

ನಾನು ಭಾಷಣಕ್ಕೆ ನಿಂತಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಬಾಯಾರಾಗಿದ್ದಾಗಲೂ ಆಗುತ್ತಿತ್ತು, ನಿವೃತ್ತಳಾದ ಮೇಲೂ ನಿಂತಿಲ್ಲ.

ಜಮಖಂಡಿಯಲ್ಲಿ ನಮ್ಮದೊಂದು ನಿವೃತ್ತ ಶಿಕ್ಷಕರ ಬಳಗವಿದೆ. ಸುತ್ತಲಿನ ಊರುಗಳಲ್ಲಿ ಭಾಷಣ ಏರ್ಪಡಿಸುತ್ತೇವೆ. ಬುಧ, ಶುಕ್ರ, ಮಂಗಳ ಗ್ರಹಗಳ ಜ್ವಾಲಾಮುಖಿಗಳ ಬಗ್ಗೆ ಮಾತಾಡುತ್ತೇನೆ ಎಂದೆ. ಬಳಗದ ಅಧ್ಯಕ್ಷರು, ಒಂದು ಕಾಲದ ನನ್ನ ಹೆಡ್ ಮಾಸ್ತರರು, ಮುಖ ಸಿಂಡರಿಸಿದರು.

"ಬಾಯಾರ, ಮೊಣಕಾಲ ನೋವಿನ ಬಗ್ಗೆ ಹೇಳ್ರಿ, ಮಂದಿ ಕೇಳ್ತಾರ. ಮಂಗಳದ ಜ್ವಾಲಾಮುಖಿ ತಗೊಂಡು ಏನ್ ಮಾಡೂದದ? ಒಬ್ಬರೂ ಪ್ರಶ್ನೆ ಕೇಳೂದಿಲ್ಲ."

"ಕೇಳಿದ್ರ?"

"ನಾಕೂರಾಗ ಒಂದಾದ್ರೂ ಖರೇ ಪ್ರಶ್ನೆ ಬರಲಿ, ವರ್ಷಪೂರ್ತಿ ನಿಮ್ಮ ಗ್ರಹಗಳದ್ದ ಭಾಷಣ. ಬರಲಿಲ್ಲಂದ್ರ ಮೊಣಕಾಲ."

ನನಗೆ ಸಿಟ್ಟು ನೆತ್ತಿಗೇರಿತು. ರದ್ದಿ ಪೇಪರು, ಮೈದಾ ಅಂಟು ಹಾಕಿ ಮಂಗಳದ ಅತಿ ದೊಡ್ಡ ಜ್ವಾಲಾಮುಖಿಯ ಮಾದರಿ ಮಾಡಿದೆ, ಕೆಂಪು ಬಳಿದೆ, ಬಗಲಲ್ಲಿಟ್ಟುಕೊಂಡು ಬಸ್ ಹತ್ತಿದೆ. ಅಧ್ಯಕ್ಷರಿಲ್ಲದೆ ಸಭೆ ನಡೆಯುವುದಿಲ್ಲವಲ್ಲ, ಹಾಗಾಗಿ ಅವರೂ ಹತ್ತಿದರು.

ಬನಹಟ್ಟಿ

ನೇಕಾರರು ಮಗ್ಗ ನಿಲ್ಲಿಸಿ ಬಂದು ಕೂತಿದ್ದರು. ಎವರೆಸ್ಟಿನ ಎರಡೂವರೆ ಪಟ್ಟು ಎತ್ತರದ ಬೆಟ್ಟ ಇದು ಎಂದು ಗಂಟಲು ಹರಿಯುವಂತೆ ಹೇಳಿದೆ. ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು. ನನ್ನ ಎದೆ ಹಿಗ್ಗಿತು.

"ಬಾಯಾರ, ಈ ಕೆಂಪು ತೊಳದ್ರ ಬಣ್ಣ ಬಿಡ್ತದೇನ್ರಿ?"

"ಮಂಗಳದ ಕೆಂಪು ಅಂದ್ರ ಕಬ್ಬಿಣದ ತುಕ್ಕು ಅಜ್ಜಾರ. ತೊಳಿಯಾಕ ಅಲ್ಲಿ ಹರಿಯೋ ನೀರ ಇಲ್ಲ."

"ಹಂಗಾದ್ರ ಯಾರ ಬೇಕಾದ್ರೂ ಗ್ಯಾರಂಟಿ ಕೊಡಬಹುದು ಬಿಡ್ರಿ," ಎಂದು ಕೂತರು.

ಅಧ್ಯಕ್ಷರು ಡೈರಿಯಲ್ಲಿ ಬರೆದುಕೊಂಡರು: ಬಣ್ಣದ ಪ್ರಶ್ನೆ, ಲೆಕ್ಕಕ್ಕಿಲ್ಲ.

ಮುಧೋಳ

ಇಲ್ಲಿ ಸಭೆ ನಡೆದದ್ದು ಬೆಲ್ಲದ ಗಾಣದ ಪಕ್ಕದ ಚಪ್ಪರದಲ್ಲಿ. ಮಂಗಳದ ಈ ಬೆಟ್ಟ ಎತ್ತರವಿದ್ದರೂ ಚೂಪಾಗಿಲ್ಲ, ತೆಳ್ಳಗಿನ ಲಾವಾ ದೂರ ದೂರ ಹರಿದು ಅಗಲವಾಗಿದೆ ಎಂದು ವಿವರಿಸಿದೆ. ಬೆಲ್ಲ ಕಾಯಿಸುವ ಮುಖ್ಯಸ್ಥ ಮಾದರಿಯನ್ನು ಸುತ್ತ ತಿರುಗಿ ನೋಡಿದ, ಬೆರಳಿನಿಂದ ಅಂಚು ಸವರಿದ.

"ಪ್ರಶ್ನೆ ಐತೇನಪಾ?" ಎಂದೆ ಆಸೆಯಿಂದ.

"ಪ್ರಶ್ನೆ ಏನೈತ್ರಿ ಇದರಾಗ? ಪಾಕ ಬರೂಕಿಂತ ಮೊದ್ಲ ಇಳಿಸ್ಯಾರ, ಹರಕೊಂಡು ಹೋಗೇತಿ. ನಮ್ಮಲ್ಲಿ ಹಿಂಗ ಮಾಡಿದ್ರ ಮರುದಿನ ಗಾಣಕ್ಕ ಕರಿಯೂದಿಲ್ರಿ."

ನನ್ನ ಒಂದು ತಾಸಿನ ಭಾಷಣವನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದ. ಅದೂ ಸರಿಯಾಗಿ. ಆದರೆ ಅದು ಪ್ರಶ್ನೆಯಲ್ಲವಲ್ಲ!

ಬೀಳಗಿ

ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಕಳೆದುಕೊಂಡವರು ಇಲ್ಲಿ ಬಹಳ ಮಂದಿ. ನಾನು ಶುಕ್ರ ಗ್ರಹ ಹಿಡಿದೆ. ಅಲ್ಲಿ ಲಾವಾ ಹರಿದು ಹಳೆಯ ನೆಲವೆಲ್ಲ ಮುಚ್ಚಿಹೋಗಿದೆ ಎಂದೆ. ಸಭೆ ಗಂಭೀರವಾಯಿತು. ಅಜ್ಜಿಯೊಬ್ಬಳು ಸೆರಗು ಸರಿಮಾಡಿಕೊಂಡು ಎದ್ದಳು.

"ಎಲ್ಲಾ ಮುಳುಗಿತಂದ್ರಿ. ಮತ್ತ ಅವರಿಗೆ ಹೊಸ ಊರು ಎಲ್ಲಿ ಕಟ್ಟಿಕೊಟ್ರು?"

"ಅಲ್ಲಿ ಯಾರೂ ಇರಲಿಲ್ಲ ಯವ್ವಾ."

"ನಮ್ಮೂರಾಗ ಸರ್ವೇಕ್ಕ ಬಂದಾವರೂ ಮೊದ್ಲ ಹಂಗ ಬರಕೊಂಡಿದ್ರು."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅಧ್ಯಕ್ಷರು ಮಾತ್ರ ಡೈರಿ ತೆರೆದರು: ಪುನರ್ವಸತಿ ಪ್ರಶ್ನೆ, ಲೆಕ್ಕಕ್ಕಿಲ್ಲ.

ಜಮಖಂಡಿ

ಉಳಿದದ್ದು ನಮ್ಮೂರು ಒಂದೇ. ಸೋತರೆ ವರ್ಷವಿಡೀ ಮೊಣಕಾಲು. ನಾನೇನು ಅಷ್ಟು ಸುಲಭಕ್ಕೆ ಬಿಡುತ್ತೇನೆಯೇ? ವೇದಿಕೆಯ ಮೇಲೆ ಗ್ಯಾಸ್ ಒಲೆ ಇಟ್ಟೆ.

ಅಧ್ಯಕ್ಷರು ಪ್ರಾಸ್ತಾವಿಕವಾಗಿ ಮುಕ್ಕಾಲು ತಾಸು ಮಾತಾಡಿದರು. "ಎಲ್ಲೋ ಇರೋ ಜ್ವಾಲಾಮುಖಿಗೂ ನಮಗೂ ಏನ್ ಸಂಬಂಧರಿ?" ಎಂದು ಮುಗಿಸಿದರು.

ನಾನು ಮೈಕ್ ಕಿತ್ತುಕೊಂಡೆ. "ಸಂಬಂಧ ಕೇಳ್ತೀರೇನು? ನೀವು ಜ್ವಾಳಾ ಬೆಳಿಯೋ ಕರೀ ಎರಿ ಮಣ್ಣ ಒಂದ ಕಾಲದ ಲಾವಾ!"

ಒಂದು ಪಾತ್ರೆಯಲ್ಲಿ ಸಾರು, ಇನ್ನೊಂದರಲ್ಲಿ ಕಡಲೆಹಿಟ್ಟಿನ ಗಟ್ಟಿ ಝುಣಕ ಕುದಿಯಲು ಇಟ್ಟೆ. ತೆಳ್ಳಗಿನ ಲಾವಾ ಸಾರಿನ ಹಾಗೆ, ಸುಮ್ಮನೆ ಉಕ್ಕಿ ಹರಿಯುತ್ತದೆ. ಗಟ್ಟಿ ಲಾವಾದ ಸ್ವಭಾವವೇ ಬೇರೆ, ನೋಡುತ್ತಿರಿ ಎಂದೆ. ಹೆಂಗಸರು ಆಗಲೇ ನಗತೊಡಗಿದ್ದರು. ಝುಣಕದ ವಾಸನೆ ಸಭಾಂಗಣ ತುಂಬಿತು. ಅಧ್ಯಕ್ಷರು ತಡೆಯಲಾರದೆ ಕುರ್ಚಿ ಬಿಟ್ಟು ಬಂದು ಪಾತ್ರೆಯೊಳಗೆ ಬಗ್ಗಿದರು.

"ಹಿಂದ ಸರೀರಿ ಸರ," ಎಂದೆ.

"ನನಗ ಹೇಳಬ್ಯಾಡ್ರಿ," ಎಂದರು.

ಫಟ್! ಕನ್ನಡಕದ ಎರಡೂ ಗಾಜು ಹಳದಿಯಾದವು.

"ಅಲ್ರೀ ಬಾಯಾರ," ಎಂದು ಚೀರಿದರು, "ಇದು ಹಿಂಗ್ಯಾಕ ಸಿಡೀತು?"

ತಾನು ಏನು ಕೇಳಿಬಿಟ್ಟೆ ಎಂದು ಅವರಿಗೇ ಹೊಳೆಯಿತು. ಬಾಯಿ ಮುಚ್ಚಿಕೊಂಡರು. ಹಿಂದಿನ ಸಾಲಿನಿಂದ ಒಬ್ಬಾಕೆ ಕೂಗಿದಳು, "ಖರೇ ಪ್ರಶ್ನೆನ ಐತ್ರಿ! ಉತ್ತರ ಹೇಳ್ರಿ, ನಮ್ಮ ಮನ್ಯಾಗೂ ದಿನಾ ಸಿಡೀತೈತಿ!"

ನಾನು ಒಲೆ ಆರಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

"ಉತ್ತರ ಹೇಳ್ತೀನಿ ಸರ. ಆದ್ರ ನನ್ನ ಕ್ಲಾಸಿನ್ಯಾಗ ಪ್ರಶ್ನೆ ಕೇಳಾವರು ಕೈ ಎತ್ತಬೇಕು."

ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡು, ನಮ್ಮ ಹೆಡ್ ಮಾಸ್ತರರು ಇನ್ನೊಂದು ಕೈ ಎತ್ತಿದರು.