ಹನ್ನೊಂದನೇ ನಿಮಿಷದ ಪಟ್ಟಿ

ಜುಲೈ ಹದಿನಾಲ್ಕು, ಸೋಮವಾರ. ನನ್ನ ಹಳೆಯ ಡೈರಿಯಲ್ಲಿ ಹೀಗಿದೆ: ‘ತಿರುವನಂತಪುರದಿಂದ ಫೋನ್. ನನ್ನ ಪಾಠವನ್ನು ಹೆಚ್ಚಿನವರು ಪೂರ್ತಿ ನೋಡುವುದಿಲ್ಲವಂತೆ. ಒಬ್ಬಳಂತೂ ಒಂದು ನಿಮಿಷವೂ ನೋಡಿಲ್ಲವಂತೆ. ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಬಿಡುವವಳಲ್ಲ ನಾನು.’

ಕಂಪ್ಯೂಟರಿನಲ್ಲಿ ಗೆರೆ ಎಳೆಯಲು ಬಂದವರೆಲ್ಲ ತಮಗೆ ಸಂಖ್ಯಾಶಾಸ್ತ್ರ ಗೊತ್ತು ಎಂದುಕೊಂಡಿರುವ ತನಕ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಮೈಸೂರಿನಲ್ಲಿ ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡಿದವಳು, ಕೊಚ್ಚಿಯ ಕಾಲೇಜಿನಲ್ಲಿ ನಿವೃತ್ತಿಯ ತನಕ ಅದನ್ನೇ ಕಲಿಸಿದವಳು. ಆಮೇಲೆ ಕಾಕ್ಕನಾಡಿನ ಫ್ಲ್ಯಾಟಿನಲ್ಲೇ ಕೂತು, ತಿರುವನಂತಪುರದ ಒಂದು ಸಂಸ್ಥೆಯ ಆನ್‌ಲೈನ್ ಕೋರ್ಸಿಗೆ ವಿಡಿಯೊ ಪಾಠ ಮಾಡುತ್ತಿದ್ದೆ. ಯಾರು ಎಷ್ಟು ನಿಮಿಷ ನೋಡಿದರು ಎಂದು ಲೆಕ್ಕ ಇಡುವವನು ಅಲ್ಲಿನ ಕೋಆರ್ಡಿನೇಟರ್. ನನ್ನ ಮಗನ ವಯಸ್ಸು. ತುಂಬಾ ವಿನಯ. ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

ಕೆಂಪು ಗೆರೆ

“ಟೀಚರ್, ಏಳನೇ ನಿಮಿಷಕ್ಕೆ ಹೆಚ್ಚಿನವರು ವಿಡಿಯೊ ನಿಲ್ಲಿಸುತ್ತಾರೆ. ಬೋರ್ ಆಗ್ತಿದೆ ಅಂತ ಅರ್ಥ.”

“ಏಳನೇ ನಿಮಿಷದಲ್ಲಿ ನಾನು ಏನು ಹೇಳಿದೀನಿ, ಕೇಳಿದೀಯಾ?”

ಕೇಳಿರಲಿಲ್ಲ. ‘ಇಲ್ಲಿ ವಿಡಿಯೊ ನಿಲ್ಲಿಸಿ, ಲೆಕ್ಕ ನೀವೇ ಮಾಡಿ’ ಎಂದಿದ್ದೆ.

ಅವನು ಸ್ವಲ್ಪ ಯೋಚಿಸಿ ಹೇಳಿದ: “ಮುಂದಿನ ಸಲ ಅವರು ನಿಮ್ಮ ಮಾತು ಕೇಳದ ಹಾಗೆ ಏನಾದರೂ ಮಾಡಬಹುದಾ ಟೀಚರ್? ಗ್ರಾಫ್ ಕೆಂಪಾಗುತ್ತೆ.”

ಶಿಖರ

ಮರುವಾರ ಅವನದೇ ಫೋನ್, ಖುಷಿಯಲ್ಲಿ. “ಹನ್ನೊಂದನೇ ನಿಮಿಷಕ್ಕೆ ಗ್ರಾಫಿನಲ್ಲಿ ಶಿಖರ ಟೀಚರ್! ಒಬ್ಬೊಬ್ಬರೂ ನಾಲ್ಕೈದು ಸಲ ನೋಡಿದ್ದಾರೆ.”

ಹೆಮ್ಮೆಯಿಂದ ಮೊಮ್ಮಗಳನ್ನು ಕೂರಿಸಿಕೊಂಡು ನೋಡಿದೆ. ಪಾಠದ ನಡುವೆ ಅಂಕಿಗಳ ಪಟ್ಟಿ ಸಿಗದೆ ಯಜಮಾನರನ್ನು ಕೂಗಿದ್ದೇನೆ: “ರೀ, ಪಟ್ಟಿ! ಎಷ್ಟು ಸಲ ಕೂಗಬೇಕು? ಪಟ್ಟಿ!” ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಮನುಷ್ಯ, ಎರಡೂ ಕೈಯಲ್ಲಿ ಕಾಫಿ ಲೋಟ, ಹಾಳೆಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಿ ಬಂದಿದ್ದಾರೆ.

ಮಲಯಾಳಂನಲ್ಲಿ ಪಟ್ಟಿ ಎಂದರೆ ನಾಯಿ. ಮೂವತ್ತು ವರ್ಷದಿಂದ ಇಲ್ಲಿರುವ ನನಗೆ ಗೊತ್ತಿಲ್ಲದ್ದೇನಲ್ಲ. ಸಿಟ್ಟು ಬಂದರೆ ನಾಲಿಗೆ ಮೈಸೂರಿಗೆ ಹೋಗುತ್ತದೆ.

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಜ್ಜೀ, ಅಜ್ಜನೆ ಪಟ್ಟೀನ್ನು ವಿಳಿಚ್ಚು!” ಅಜ್ಜನನ್ನು ನಾಯಿ ಅಂತ ಕರೆದೆನಂತೆ.

ಕೋಆರ್ಡಿನೇಟರ್ ಮಾತ್ರ, “ಪ್ರತಿ ಪಾಠದಲ್ಲೂ ಇಂಥದ್ದೊಂದು ಇರಲಿ” ಎಂದು ಈಮೇಲ್ ಕಳಿಸಿದ. ಯಜಮಾನರು ಓದಿ ಹೇಳಿದರು: “ವಾರಕ್ಕೆ ಎರಡು ಪಾಠ ತಾನೆ? ಬರ್ತೀನಿ ಬಿಡು. ಕಾಫಿ ಮಾತ್ರ ನೀನು ಹಿಡ್ಕೋ.”

ಸೊನ್ನೆ

ಆ ಒಂದು ನಿಮಿಷವೂ ನೋಡದ ಹುಡುಗಿ ಅಂಬಲಮುಗಳ್ ಕಡೆಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಪಾಳಿ ಕೆಲಸದವಳು. ಈ ಪರೀಕ್ಷೆ ಪಾಸಾದರೆ ಕೆಲಸ ಖಾಯಂ. ಇಲ್ಲದಿದ್ದರೆ ಓಣಂ ಕಳೆದ ಮೇಲೆ ಮನೆಗೆ. ಒಳಗೆ ಫೋನ್ ಒಯ್ಯುವಂತಿಲ್ಲ; ಪಾಠ ಡೌನ್‌ಲೋಡ್ ಮಾಡಿಕೊಂಡು ಬಸ್ಸಿನಲ್ಲಿ ನೋಡುತ್ತಿದ್ದಳು. ಹಾಗೆ ನೋಡಿದ್ದು ಇವರ ಲೆಕ್ಕಕ್ಕೆ ಸಿಗುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ, ಕೋರ್ಸಿನ ವೆಬ್‌ಸೈಟಿನ ಮೂಲಕ ಅವಳು ಕೇಳಿದ ಮೂವತ್ತೊಂದು ಪ್ರಶ್ನೆಗಳು ತಾರೀಖಿನ ಸಮೇತ ಇದ್ದವು. ಒಂದರಲ್ಲಿ ನನ್ನದೇ ತಪ್ಪು ಹಿಡಿದಿದ್ದಳು. ಅದನ್ನೂ ಬರೆದಿದ್ದೆ, ಸಣ್ಣ ಅಕ್ಷರದಲ್ಲಿ. ಕೋಆರ್ಡಿನೇಟರನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ.

“ಪ್ರಶ್ನೆಗಳು ನಮ್ಮಲ್ಲಿ ದೂರು ಅಂತ ದಾಖಲಾಗುತ್ತವೆ ಟೀಚರ್. ಆ ಹುಡುಗಿಯದು ಮೂವತ್ತೊಂದು ದೂರು ಇದೆ. ಸಮಾಧಾನ ಇಲ್ಲದ ವಿದ್ಯಾರ್ಥಿನಿ.”

ಮಾದರಿ ವಿದ್ಯಾರ್ಥಿನಿ

ಬೆಳಗಿನ ಮೊದಲ ರೈಲಿಗೆ, ನೋಟ್‌ಬುಕ್ ಹಿಡಿದು ತಿರುವನಂತಪುರಕ್ಕೆ ಹೋದೆ. ಕೋಆರ್ಡಿನೇಟರ್ ನಿರ್ದೇಶಕರ ಮುಂದೆಯೇ ಪರದೆ ತೋರಿಸಿದ. “ನಿಜವಾದ ಆಸಕ್ತಿ ಅಂದರೆ ಇದು. ಈಕೆ ಎಲ್ಲ ಪಾಠವನ್ನೂ ಮೂರು ಮೂರು ಸಲ, ಕೊನೆಯ ತನಕ ನೋಡಿದ್ದಾಳೆ.” ಅಭಿನಂದಿಸೋಣ ಎಂದು ಫೋನ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ.

ಆ ಕಡೆಯಿಂದ ಪಿಸುದನಿ: “ಮೆಲ್ಲಗೆ ಮಾತಾಡಿ ಸಾರ್, ಮಗು ಎದ್ದುಬಿಡುತ್ತೆ. ಟೀಚರ್ ದನಿ ಹಾಕಿದರೇನೇ ಅದು ಮಲಗೋದು. ನಾನು ಪುಸ್ತಕ ಓದಿಕೊಳ್ತೀನಿ.”

ನಿರ್ದೇಶಕರು ಕೆಮ್ಮುವವರಂತೆ ಬಾಯಿ ಮುಚ್ಚಿಕೊಂಡರು. ಮೂವತ್ತು ವರ್ಷದ ನನ್ನ ಪಾಠ! ಮೈಯೆಲ್ಲ ಉರಿಯಿತು. ನೋಟ್‌ಬುಕ್ಕನ್ನು ಮೇಜಿಗೆ ಬಡಿದೆ. “ಈ ತಾಯಿಯನ್ನು ಬಿಟ್ಟುಬಿಡಿ. ಆ ಮಗುವನ್ನೇ ಪರೀಕ್ಷೆಗೆ ಕೂರಿಸಿ. ಹಾಜರಾತಿ ಪೂರ್ತಿ ಇದೆ.”

ಅಂಬಲಮುಗಳ್ ಹುಡುಗಿಯ ಹಾಲ್ ಟಿಕೆಟ್ಟಿಗೆ ನಿರ್ದೇಶಕರು ಅಲ್ಲೇ ಸಹಿ ಹಾಕಿದರು. ಅವಳು ಪಾಸಾದಳು. ಸಾಕ್ಷಿಗೆಂದು ಅವರು ಇಟ್ಟುಕೊಂಡ ನೋಟ್‌ಬುಕ್ ವಾಪಸ್ ಬರಲಿಲ್ಲ. ಮುಂದಿನ ಕೋರ್ಸಿಗೆ ನನ್ನನ್ನು ಕರೆಯಲೂ ಇಲ್ಲ.