ಓರೆಬಟ್ಟೆಯ ಆರಾಮಕುರ್ಚಿ

ಅಚ್ಚಾದ ಮಾತನ್ನು ಸ್ವತಃ ಪರೀಕ್ಷಿಸದೆ ನಂಬಬಾರದೆಂಬುದು ನನ್ನ ಹಳೆಯ ಹಟ. ಏಳನೆಯ ತರಗತಿಗೇ ಶಾಲೆ ನನ್ನನ್ನು ಕೈಬಿಟ್ಟಿತು. ಉಳಿದ ವಿದ್ಯೆಯನ್ನು ಹಳೆಯ ಪುಸ್ತಕಗಳೊಡನೆ ಜಗಳವಾಡುತ್ತಲೇ ಸಂಪಾದಿಸಿದೆ. ಪಂಚಾಂಗವನ್ನೂ ಔಷಧಿ ಸೀಸೆಯ ಚೀಟಿಯನ್ನೂ ಪಕ್ಷಪಾತವಿಲ್ಲದೆ ಶಂಕಿಸಿದವನು ನಾನು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ತಮ್ಮನ ಮಗಳು ಸುಧಾ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದಳು. ನೇಯ್ದ ಬಟ್ಟೆಗೆ ಅಂಟು ಕುಡಿಸಿ ಗಟ್ಟಿಮಾಡಿದರೆ ಅದು ಎಷ್ಟು ಭಾರಕ್ಕೆ ಎಷ್ಟು ಹಿಗ್ಗೀತೆಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಅವಳ ಪ್ರಾಜೆಕ್ಟು. ಲೆಕ್ಕ ನಿಜವೆಂದು ಪ್ರಯೋಗದಿಂದ ತೋರಿಸಿ ಸೋಮವಾರ ಒಪ್ಪಿಸದಿದ್ದರೆ ಒಂದು ವರ್ಷವೇ ನಷ್ಟ. ಹಾಸು ಹೊಕ್ಕುಗಳ ನೇರಕ್ಕೆ ಎಳೆದರೆ ಬಟ್ಟೆ ಬಿಗಿ, ಓರೆಯಾಗಿ ಎಳೆದರೆ ಸಡಿಲ ಎಂದಿತ್ತು ಅವಳ ಪುಸ್ತಕ. "ಅಂಟು ಕುಡಿದ ಮೇಲೆ ಓರೆಯೇನು, ನೇರವೇನು?" ಎಂದು ನಾನು ತಕರಾರು ತೆಗೆದೆ.

ಪರೀಕ್ಷಿಸಿಯೇ ಬಿಡೋಣವೆಂದು, ಮೈದಾ ಅಂಟಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಆರಾಮಕುರ್ಚಿಗೆ ಬಿಗಿದೆ. ಉಡಿಗಾಲ ಹಳ್ಳಿಯಿಂದ ಬಂದಿದ್ದ ನನ್ನಕ್ಕ ನೋಡಿ, "ಓರೆಗ್ ಕತ್ತರಿಸಿದ್ ಬಟ್ಟೆ ಜೋಲ್ತದೆ ಕಣ್ಲಾ! ಲಂಗ ಒಲಿಯೋರ್ನ ಕೇಳು. ಸೊಂಟ ಮುರ್ಕಂಡೀಯೆ, ಬುಡು!" ಎಂದಳು. ಸುಧಾ ಇದನ್ನೇ ತನ್ನ ಪ್ರಯೋಗವಾಗಿಸಿಕೊಂಡು, ಅದೇ ಬಟ್ಟೆಯ ತುಂಡುಗಳಿಗೆ ಸಣ್ಣ ಭಾರಗಳನ್ನು ಕಟ್ಟಿ ಲೆಕ್ಕ ಹಾಕಿಕೊಂಡು, ಕುರ್ಚಿಬಟ್ಟೆಯ ಎಳೆಗಳ ನೇರಕ್ಕೆ ಶಾಯಿಯಲ್ಲಿ ಚೌಕಗಳನ್ನು ಬರೆದಳು.

"ನಿಮ್ಮ ತೂಕ ಎಷ್ಟು, ದೊಡ್ಡಪ್ಪ?"

"ಐವತ್ತೆಂಟು ಕೆಜಿ" ಎಂದು ಗಂಭೀರವಾಗಿ ಕುಳಿತೆ. ಚೌಕಗಳು ಉದ್ದುದ್ದಕ್ಕೆ ಹಿಗ್ಗಿ ಗಾಳಿಪಟದಂತಾದವು; ನಾನು ನೆಲಕ್ಕೆ ಒಂದು ಗೇಣಿರುವವರೆಗೆ ಇಳಿದು ನಿಂತೆ. ಎತ್ತಲೆಂದು ಕೈ ಚಾಚಿದರೆ ಸುಧಾ ಕೋನಮಾಪಕ ತಂದಳು. "ಅಲ್ಲಾಡ್ಬೇಡಿ ದೊಡ್ಡಪ್ಪ!"

"ಬೇಗ ಅಳತೆ ತಕ್ಕ ಕಣಮ್ಮಿ, ಇವ ಸುಮ್ಕೆ ಕೂತಿರಾದು ಇದೇ ಮೊದ್ಲು!" ಎಂದು ಅಕ್ಕ ಕಣ್ಣೀರು ಬರುವಷ್ಟು ನಕ್ಕಳು. ಆ ನಗೆ ಕೇಳಿ ಎಷ್ಟೋ ವರ್ಷಗಳಾಗಿದ್ದವು.

ಆದರೆ ಬಟ್ಟೆ ಸುಧಾಳ ಲೆಕ್ಕಕ್ಕಿಂತ ಬಹಳ ಹೆಚ್ಚು ಹಿಗ್ಗಿತ್ತು. ಎರಡು ದಿನ ಅವಳು ಊಟ ಮರೆತು ಕಾಗದ ತುಂಬಿಸಿದಳು. ಪುಸ್ತಕವೇ ಸುಳ್ಳೆಂದು ನಾನು ಒಳಗೊಳಗೇ ಬೀಗಿದೆ. ಭಾನುವಾರ ಅಕ್ಕ ಕೇಳಿದಳು: "ಐವತ್ತೆಂಟು ಅಂದ್ಯಲ್ಲ, ಯಾವಾಗ್ಲಾ ತೂಕ ನೋಡ್ಸಿದ್ದೆ?"

"ಮದುವೆಯಾದ ವರ್ಷ."

ಇಬ್ಬರೂ ನನ್ನನ್ನು ಅಕ್ಕಿ ಮಿಲ್ಲಿಗೆ ನಡೆಸಿಕೊಂಡು ಹೋಗಿ, ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ಎಪ್ಪತ್ತಾರು! ಆ ತೂಕ ಹಾಕಿ ನೋಡಿದರೆ ಸುಧಾಳ ಲೆಕ್ಕ ಅಲ್ಲೇ ಸರಿಹೋಯಿತು. ಸೋಮವಾರದ ಬಸ್ಸನ್ನು ನಗುತ್ತ ಹತ್ತಿದಳು. ಅಂದಿನಿಂದ ಅವಳ ಪುಸ್ತಕವನ್ನು ನಾನು ಶಂಕಿಸಿಲ್ಲ. ಆದರೆ ಆ ಮಿಲ್ಲಿನ ಯಂತ್ರದ ಬಗ್ಗೆ ನನಗೆ ಇಂದಿಗೂ ಪೂರ್ಣ ನಂಬಿಕೆಯಿಲ್ಲ.