ನಮ್ಮ ಸಭೆಯ ಕತ್ತೆ ನಾನೇ

ನಗಬಾರದ ಜಾಗದಲ್ಲಿ ನಗು ತರಿಸುವ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ನಾನು ಹಳ್ಳಿ ಶಾಲೆಯಲ್ಲಿ ಓದಿದವನು, ಚಾಮರಾಜಪುರಂನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವನು. ಬೆಳಿಗ್ಗೆ ಪ್ರಾರ್ಥನೆ ಮಾಡದೆ ಮಿಷನ್ನಿನ ಪೆಡಲ್ ತುಳಿಯುವುದಿಲ್ಲ. ಅಂಥವನು ಕಳೆದ ವರ್ಷ ಸಂಡೇ ಸ್ಕೂಲು ಮಕ್ಕಳಿಗಾಗಿ ಕತ್ತೆಯಾದೆ. ಈಗಲೂ ನೆನೆಸಿಕೊಂಡರೆ ಹೊಲಿಯುತ್ತಿರುವ ಬಟ್ಟೆ ಕೈಜಾರುತ್ತದೆ.

ಅಳತೆ

ನಮ್ಮ ಚರ್ಚಿನ ಸಭೆಯ ಸಂಡೇ ಸ್ಕೂಲ್ ಟೀಚರಮ್ಮ ಒಂದು ನಾಟಕದ ಸರಣಿ ಬರೆದರು. ಒಂದು ಹಿತ್ತಿಲು, ಅಲ್ಲೊಂದು ಕತ್ತೆ, ಒಂದು ಕೋಳಿ, ಒಂದು ಕುರಿಮರಿ. ವಾರಕ್ಕೊಂದು ಕತೆ. ಸುಳ್ಳು ಹೇಳಬಾರದು, ಹಂಚಿಕೊಂಡು ತಿನ್ನಬೇಕು, ದೇವರನ್ನು ನಂಬಬೇಕು, ಇಂಥವು. ಮೊಬೈಲಿನಲ್ಲಿ ಹಿಡಿದು ಭಾನುವಾರ ಮಕ್ಕಳಿಗೆ ಗೋಡೆಯ ಮೇಲೆ ತೋರಿಸುವುದು. ವೇಷ ಹೊಲಿಯುವ ಕೆಲಸ ನನಗೆ ಬಂತು.

ಕತ್ತೆಯ ಪಾತ್ರ ನಮ್ಮ ಸಭೆಯ ಬ್ಯಾಂಕ್ ಆಫೀಸರದ್ದು. ಅವರಿಗೆ ಅಳತೆ ಕೊಡಲು ಬಿಡುವೇ ಆಗಲಿಲ್ಲ. ಗಿರಾಕಿ ಬರದಿದ್ದರೆ ನಮ್ಮ ಕಸುಬಿನವರು ಏನು ಮಾಡುತ್ತೇವೆ? ನಮ್ಮ ಮೈಮೇಲೇ ಇಟ್ಟು ನೋಡಿ ಹೊಲಿಯುತ್ತೇವೆ. ಅವರು ಬೇರೆ ತೆಂಗಿನಮರದ ಹಾಗಿದ್ದಾರೆ ಅನ್ನುವುದು ಕತ್ತರಿ ಹಿಡಿದ ಖುಷಿಯಲ್ಲಿ ಮರೆತೇಹೋಯಿತು.

ಮೊದಲ ದಿನ ಅವರು ಹಾಕಿಕೊಂಡರೆ ಕತ್ತೆಯ ಕಾಲು ಮಂಡಿಗೇ ನಿಂತುಬಿಟ್ಟಿತು. ಕೆಳಗೆ ಆಫೀಸಿನ ಪ್ಯಾಂಟು, ಪಾಲಿಶ್ ಮಾಡಿದ ಬೂಟು. ಟೀಚರಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು. "ಅಣ್ಣ, ನೀವೊಂದ್ಸಲ ಹಾಕ್ಕೊಳ್ಳಿ ನೋಡೋಣ" ಅಂದರು. ಹಾಕಿಕೊಂಡೆ. ಭುಜ, ಸೊಂಟ, ಬಾಲ, ಎಲ್ಲ ಅಚ್ಚುಕಟ್ಟಾಗಿ ಕೂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಪಾತ್ರ ಅಲ್ಲೇ ಕೈಬದಲಾಯಿತು.

ಕೋಳಿಯಾಗಲು ಒಪ್ಪಿಕೊಂಡಿದ್ದ ನನ್ನ ಹೆಂಡತಿ ಪುಕ್ಕ ಸರಿಮಾಡಿಕೊಳ್ಳುತ್ತಾ ಟೀಚರಮ್ಮನಿಗೆ ಹೇಳಿದಳು: "ಮದುವೆಯಾದಾಗಿಂದ ನಾನು ಹೇಳ್ತಾನೇ ಇದ್ದೆ ಕಣಮ್ಮ. ಈಗ ಸಭೆಯವರೂ ಒಪ್ಕೊಂಡ್ರು."

ಕಣ್ಣು

ಮೊದಲ ಕತೆ ನಮ್ಮ ಮನೆ ಹಿಂದಿನ ಅಂಗಳದಲ್ಲೇ ಹಿಡಿದೆವು. ಮೊಬೈಲ್ ಹಿಡಿದಿದ್ದವರು ಟೀಚರಮ್ಮನ ಯಜಮಾನರು, ಬಹಳ ಭಕ್ತಿವಂತರು. ಕುರಿಮರಿಗೆ ಜ್ವರ, ಕೋಳಿಗೆ ಗಾಬರಿ. ಕತ್ತೆ ಸಮಾಧಾನ ಹೇಳಿ, "ಬನ್ನಿ, ಪ್ರಾರ್ಥನೆ ಮಾಡೋಣ" ಅನ್ನಬೇಕು. ಅಂದೆ. ನಾಲ್ಕು ಮಾತಿನ ಪ್ರಾರ್ಥನೆ ಮುಗಿಸಿದೆ. ಆಮೆನ್ ಅಂದೆವು. ನನಗಂತೂ ಮೈಯೆಲ್ಲ ಪುಳಕ.

ಆಮೇಲೆ ಹಾಕಿ ನೋಡಿದರೆ, ಪ್ರಾರ್ಥನೆ ಶುರುವಾದ ತಕ್ಷಣ ಚಿತ್ರ ಮೆಲ್ಲಗೆ ಕೆಳಗಿಳಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತಿದೆ. ಆಮೆನ್ ಆದಮೇಲೆ ಮತ್ತೆ ಮೇಲೆ ಬಂದಿದೆ. ಪ್ರಾರ್ಥನೆ ಅಂದ ಕೂಡಲೇ ಯಜಮಾನರು ಕಣ್ಣು ಮುಚ್ಚಿ ತಲೆ ಬಗ್ಗಿಸಿದ್ದರು. ತಲೆಯ ಜೊತೆ ಮೊಬೈಲೂ ಬಗ್ಗಿತ್ತು.

ಮತ್ತೆ ಹಿಡಿದೆವು, ಮತ್ತೆ ಕಲ್ಲು. ಹುಟ್ಟಿದಾಗಿಂದ ಬಂದ ಅಭ್ಯಾಸ ಅದು, ಒಂದು ಮಧ್ಯಾಹ್ನಕ್ಕೆ ಹೋಗುವುದಲ್ಲ. ಟೀಚರಮ್ಮ ಗಂಡನಿಗೆ, "ನಾಟಕದ ಪ್ರಾರ್ಥನೆ ಕಣ್ರೀ, ಕಣ್ಣು ಬಿಟ್ಕೊಂಡಿದ್ರೆ ಪಾಪ ಬರಲ್ಲ" ಅಂದರು. ಅವರು ನನ್ನ ಹತ್ತಿರ ಬಂದು ಕೈಮುಗಿದರು.

"ಅಣ್ಣ, ಸ್ವಲ್ಪ ಭಕ್ತಿ ಕಮ್ಮಿ ಮಾಡಿ ಪ್ರಾರ್ಥನೆ ಮಾಡೋಕಾಗುತ್ತಾ?"

ಯೋಗ

ಕತ್ತೆಯ ತಲೆ ಮಡಚಿದರೆ ಹಾಳಾಗುತ್ತದೆ. ಅದಕ್ಕೇ ಸ್ಕೂಟರಿನಲ್ಲಿ ನಾನು ಹೆಲ್ಮೆಟ್ ಹಾಕಿಕೊಂಡು ಮುಂದೆ, ಹೆಂಡತಿ ಕತ್ತೆಯ ತಲೆಯನ್ನು ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಹಿಂದೆ. ಒಂದು ದಿನ ಪಕ್ಕದ ಮನೆಯ ಅಮ್ಮನವರು ಗೇಟಿನಲ್ಲಿ ಅದನ್ನು ಕಂಡರು. ಅವರ ಮಗಳಿಗೆ ಮಾರನೇ ಬೆಳಿಗ್ಗೆ ಕುವೆಂಪುನಗರದ ಒಂದು ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸಂದರ್ಶನ. ಕತ್ತೆ ಮುಖ ನೋಡಿಕೊಂಡು ಹೊರಟರೆ ಯೋಗ ಬರುತ್ತದೆ ಅನ್ನುವುದು ಅವರ ನಂಬಿಕೆ. ಎಷ್ಟೋ ಅಂಗಡಿಗಳಲ್ಲಿ ಕತ್ತೆಯ ಪಟ ಬಾಗಿಲಿಗೆ ಎದುರಾಗಿ ನೇತುಹಾಕಿರುವುದನ್ನು ನೀವೂ ನೋಡಿರುತ್ತೀರಿ. ಪಟ ಯಾಕೆ, ಪಕ್ಕದಲ್ಲೇ ಆಳೆತ್ತರದ್ದು ಇರುವಾಗ? ಒಂದು ಗಳಿಗೆ ತಲೆ ಹಾಕಿಕೊಂಡು ಗೇಟಿನಲ್ಲಿ ನಿಲ್ಲಬೇಕು ಅಂತ ಕೇಳಿಕೊಂಡರು.

ನನಗೆ ಧರ್ಮಸಂಕಟ. ಶಕುನ ನಂಬುವವನಲ್ಲ, ಇಲ್ಲ ಅನ್ನಲು ಬಾಯಿಯೂ ಬರುವುದಿಲ್ಲ. ಆ ಹುಡುಗಿ ನಮ್ಮ ಕಣ್ಣೆದುರೇ ಬೆಳೆದದ್ದು. ದಾರಿ ತೋರಿಸಿದವಳು ಹೆಂಡತಿ. "ನಿಂತ್ಕೊಳ್ಳಿ. ಒಳಗೆ ಪ್ರಾರ್ಥನೆ ಮಾಡ್ತಾ ನಿಂತ್ಕೊಳ್ಳಿ. ತಲೆಯೊಳಗೆ ನೀವೇನು ಮಾಡ್ತೀರಾ ಅಂತ ಯಾರಿಗೆ ಗೊತ್ತಾಗುತ್ತೆ?"

ನಿಂತೆ. ಮನಸಾರೆ ಪ್ರಾರ್ಥಿಸಿದೆ. ಹುಡುಗಿಗೆ ಕೆಲಸ ಆಗಿಯೇ ಹೋಯಿತು. ಅಮ್ಮನವರು ಡಬ್ಬಿ ತುಂಬ ಸಿಹಿ ಕೊಟ್ಟರು, ಬೀದಿಗೆಲ್ಲ ಸುದ್ದಿಯನ್ನೂ ಕೊಟ್ಟರು.

ಮರುದಿನ ಬಾಗಿಲು ತೆಗೆದರೆ ಗೇಟಿನ ಹೊರಗೆ ಜನ. ಹೊಸ ಆಟೋಗೆ ಹಾರ ಹಾಕಿಕೊಂಡು ಬಂದಿದ್ದ ಡ್ರೈವರು, "ಸರ್, ಎರಡೇ ನಿಮಿಷ, ಮುಖ ಹಾಕ್ಕೊಂಡು ಬಂದ್ಬುಡಿ" ಅಂದ. ಎಲ್ಲರಿಗೂ ಸಮಾಧಾನ ಹೇಳಿ ಕಳಿಸುವಷ್ಟರಲ್ಲಿ ಸಾಕಾಯಿತು. ಆಟೋ ಹೊರಟಾಗ ನೋಡಿದರೆ ಅದರ ಮರೆಯಲ್ಲಿ ಇನ್ನೊಬ್ಬರು ಉಳಿದಿದ್ದಾರೆ. ಮುಖ ಆಚೆ ತಿರುಗಿದ್ದರೂ ಆ ಎತ್ತರ ನೋಡಿದ ಕೂಡಲೇ ಗೊತ್ತಾಯಿತು.

ನಮ್ಮ ಬ್ಯಾಂಕ್ ಆಫೀಸರು. ಪ್ರಮೋಷನ್ನಿನ ಪಟ್ಟಿ ಅವತ್ತು ಬರುವುದಿತ್ತಂತೆ.

ಮಂಡಿ

ಈ ಸಮಾಚಾರ ನಮ್ಮ ಸಭೆಯ ಹಿರಿಯರ ಕಿವಿಗೆ ಬಿತ್ತು. ಅವರು ನಿವೃತ್ತ ಹೆಡ್‌ಮಾಸ್ಟರು, ಮೊದಲಿಂದಲೂ ಈ ನಾಟಕ ಅವರಿಗೆ ಹಿಡಿಸಿರಲಿಲ್ಲ. ಪ್ರಾಣಿ ವೇಷದಲ್ಲಿ ಪ್ರಾರ್ಥನೆ ಮಾಡುವುದು ದೇವರಿಗೆ ಅಗೌರವ ಅನ್ನುವುದು ಅವರ ವಾದ. ಬೈಬಲಿನಲ್ಲೇ ಒಂದು ಕತ್ತೆ ಮಾತಾಡಿದೆಯಲ್ಲ ಅಂತ ನಾನು ಮೆತ್ತಗೆ ಅಂದೆ. "ಮಾತಾಡ್ತು, ಗೇಟಲ್ಲಿ ನಿಂತು ಶಕುನ ಕೊಡ್ಲಿಲ್ಲ" ಅಂದುಬಿಟ್ಟರು.

ಕೊನೆಗೆ ಪಾಸ್ಟರ್ ಅಯ್ಯನವರು ತೀರ್ಮಾನ ಹೇಳಿದರು. ಮಕ್ಕಳ ಭಾನುವಾರದಂದು ಕೊನೆಯ ಕತೆಯನ್ನು ಸಭೆಯೆದುರೇ ಆಡಬೇಕು. ಭಕ್ತಿಯಿಂದ ನಡೆಯಿತು ಅಂತ ಹಿರಿಯರು ಒಪ್ಪಿದರೆ ಮುಂದಿನ ವರ್ಷವೂ ಸರಣಿ ಉಂಟು. ಇಲ್ಲವಾದರೆ ಅವತ್ತಿಗೇ ಮುಕ್ತಾಯ. ಅಂದಿನಿಂದ ಮಕ್ಕಳು ಅಂಗಡಿಗೆ ಬಂದು ನನ್ನ ಅಂಗಿ ಹಿಡಿದು ಕೇಳುತ್ತಿದ್ದದ್ದು ಒಂದೇ, "ಕತ್ತೆ ಅಂಕಲ್, ನಿಮ್ಮನ್ನ ನಿಲ್ಲಿಸಿಬಿಡ್ತಾರಾ?"

ಆ ಭಾನುವಾರ ಬಂತು. ದೇವಾಲಯ ತುಂಬಿತ್ತು. ಹಿರಿಯರು ಮುಂದಿನ ಸಾಲಿನಲ್ಲಿ ಕೋಲಿನ ಮೇಲೆ ಎರಡೂ ಕೈ ಊರಿಕೊಂಡು, ಪರೀಕ್ಷೆ ಮಾಡುವವರ ಹಾಗೆ ಕೂತಿದ್ದರು. ಕತ್ತೆಯ ತಲೆಯೊಳಗೆ ನನಗೆ ಬೆವರು. ಆದರೂ ಕತೆ ಹೂವಿನ ಹಾಗೆ ಸಾಗಿತು. ಕಳೆದುಹೋದ ಕುರಿಮರಿಯನ್ನು ಬೆನ್ನ ಮೇಲೆ ಹೊತ್ತು ತಂದೆ. ಕೋಳಿ ಹೇಳಿಕೊಟ್ಟ ಮಾತನ್ನಷ್ಟೇ ಆಡಿತು, ಅದೇ ಒಂದು ಅದ್ಭುತ. ಕೊನೆಗೆ ನಾನು, "ಬನ್ನಿ, ಪ್ರಾರ್ಥನೆ ಮಾಡೋಣ" ಅಂದೆ.

ಅಷ್ಟು ಅಂದದ್ದೇ ತಡ, ಇಡೀ ಸಭೆ ಎದ್ದು ನಿಂತು ಕಣ್ಣು ಮುಚ್ಚಿ ತಲೆ ಬಗ್ಗಿಸಿತು. ಹಿರಿಯರೂ ಕೋಲೂರಿ ಎದ್ದರು. ಅಷ್ಟು ಜನ ತಲೆ ಬಗ್ಗಿಸಿ ನಿಂತದ್ದನ್ನು ಕಂಡಮೇಲೆ ನನಗೆ ನಾಟಕ ಎಲ್ಲಿ ನೆನಪಿರುತ್ತದೆ? ಕತ್ತೆಗೆ ಬರೆದುಕೊಟ್ಟ ನಾಲ್ಕು ಮಾತು ಹೋಯಿತು, ನನ್ನ ದಿನದ ಪ್ರಾರ್ಥನೆ ಬಂತು. ಮಕ್ಕಳಿಗಾಗಿ ಬೇಡಿದೆ, ಕಾಯಿಲೆಯವರಿಗಾಗಿ ಬೇಡಿದೆ, ಪಕ್ಕದ ಮನೆ ಹುಡುಗಿಯ ಕೆಲಸಕ್ಕೆ ಸ್ತೋತ್ರ ಹೇಳಿದೆ. ಹೆಂಡತಿ ರೆಕ್ಕೆಯಿಂದ ತಿವಿದಳು. ನಾನು ನಿಲ್ಲಿಸಲಿಲ್ಲ.

"ಕರ್ತನೇ, ನಮ್ಮ ಹಿರಿಯರ ಮಂಡಿ ನೋವು ನಿನಗೆ ಗೊತ್ತು. ಮೆಟ್ಟಿಲು ಹತ್ತುವಾಗ ಅವರು ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಳ್ಳೋದನ್ನ ನಾನು ನೋಡಿದ್ದೀನಿ. ಅವರನ್ನ ಮುಟ್ಟಪ್ಪಾ" ಅಂತ ಬೇಡಿಕೊಂಡೆ.

ಆಮೆನ್ ಅಂದಾಗ ಎಲ್ಲರಿಗಿಂತ ಜೋರಾಗಿ ಕೇಳಿದ್ದು ಹಿರಿಯರ ದನಿ. ಕಣ್ಣೊರೆಸಿಕೊಂಡು, ನಾಟಕ ಅನ್ನುವುದನ್ನೇ ಮರೆತವರ ಹಾಗೆ, ಇಷ್ಟು ಚೆನ್ನಾಗಿ ಪ್ರಾರ್ಥಿಸಿದವರು ಯಾರು ಅಂತ ತಲೆಯೆತ್ತಿದರು. ಎದುರಿಗೆ ಉದ್ದ ಕಿವಿಯ ಕತ್ತೆ ಕೈಮುಗಿದುಕೊಂಡು ನಿಂತಿತ್ತು.

ಹಿರಿಯರು ನಿಧಾನವಾಗಿ ಸಭೆಯ ಕಡೆ ತಿರುಗಿದರು.

"ಈ ಮಂಡಿ ನೋವು ಶುರುವಾಗಿ ವರ್ಷಗಳಾಯ್ತು. ಇಲ್ಲಿ ಇಷ್ಟು ಜನ ವಿಶ್ವಾಸಿಗಳಿದ್ದೀರಿ. ನೆನಪಿಟ್ಟು ಪ್ರಾರ್ಥನೆ ಮಾಡಿದ್ದು ಈ ಕತ್ತೆ ಒಂದೇ."

ಮೊದಲು ನಕ್ಕವರು ಪಾಸ್ಟರ್ ಅಯ್ಯನವರು. ಆಮೇಲೆ ಬೆಂಚು ಹತ್ತಿ ಕುಣಿದ ಮಕ್ಕಳನ್ನು ಇಳಿಸಲು ಆರಾಧನೆ ಅರ್ಧ ಗಂಟೆ ತಡವಾಯಿತು.

ಮಾರನೇ ದಿನ ಹಿರಿಯರು ಕೋಲೂರಿಕೊಂಡು ಅಂಗಡಿಗೇ ಬಂದರು. ಸ್ಟೂಲಿನ ಮೇಲೆ ಕೂತು, ಅದೂ ಇದೂ ಮಾತಾಡಿ, ಮುಂದಿನ ವರ್ಷದ ಸರಣಿಯಲ್ಲಿ ಒಂಟೆ ಇದೆಯಂತಲ್ಲ, ಯಾರಾದರೂ ಒಪ್ಪಿಕೊಂಡರೇ ಅಂತ ವಿಚಾರಿಸಿದರು. ಒಂಟೆ ಪದೇಪದೇ ಮಂಡಿಯೂರಬೇಕಾಗುತ್ತೆ, ನಿಮಗೆ ಕಷ್ಟ ಅಂದೆ.

ಅವರು ಹೆಡ್‌ಮಾಸ್ಟರ್ ಕಣ್ಣಿನಿಂದ ನನ್ನನ್ನೇ ನೋಡಿದರು. "ಮಂಡಿಗೆ ಪ್ರಾರ್ಥನೆ ಮಾಡಿದವರು ನೀವೇ ತಾನೆ? ಈಗ ನಿಮಗೇ ನಂಬಿಕೆ ಇಲ್ವಾ?"

ಕೊರಳಿನಿಂದ ಟೇಪು ತೆಗೆದೆ. ಅವರನ್ನು ನೆಟ್ಟಗೆ ನಿಲ್ಲಿಸಿ ಒಂದೊಂದೇ ಅಳತೆ ಗುರುತು ಹಾಕಿಕೊಂಡೆ. ಈ ಸಲ ನನ್ನ ಮೈಮೇಲೆ ಇಟ್ಟು ನೋಡಲಿಲ್ಲ.